ಒಂದೇ ಪೆಟ್ಟಿಗೆಯ ಹತ್ತು ರೀಡ್, ಸರಿಯಾಗಿ ನುಡಿಯುವುದು ಎರಡೇ. ಏಕೆ?

ಪ್ರಶ್ನಾರ್ಥಕ:

ಕ್ಲಾರಿನೆಟ್ ಕಲಿಯಲು ಶುರುಮಾಡಿ ಮೂರು ವರ್ಷವಾಯಿತು. ಬೆರಳು, ಉಸಿರು, ತುಟಿ ಎಲ್ಲವೂ ಒಂದು ಮಟ್ಟಿಗೆ ಮಾತು ಕೇಳುತ್ತಿವೆ. ಕೇಳದೆ ಉಳಿದದ್ದು ಬಾಯಲ್ಲಿಡುವ ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿ, ಅಂದರೆ ರೀಡ್ ಒಂದೇ. ಮೊನ್ನೆ ಹತ್ತರ ಹೊಸ ಪೆಟ್ಟಿಗೆ ತೆರೆದೆ. ಹತ್ತರ ಮೇಲೂ 2½ ಎಂದೇ ಅಚ್ಚಾಗಿದೆ. ಎರಡು ಹೇಳಿದ ಹಾಗೆ ನುಡಿದವು. ನಾಲ್ಕರಲ್ಲಿ ಸ್ವರಕ್ಕಿಂತ ಗಾಳಿಯ ಸದ್ದೇ ಹೆಚ್ಚು. ಮೂರು ನನ್ನ ಉಸಿರನ್ನೇ ಕಟ್ಟಿಸಿದವು. ಉಳಿದ ಒಂದು, ಮೇಲಿನ ಸ್ವರಗಳಿಗೆ ಹೋದಾಗಲೆಲ್ಲ ಕೀಚ್ ಎಂದು ಕಿರುಚುತ್ತದೆ.

ಅಂಕಿ ಒಂದೇ ಆಗಿರುವಾಗ ಇಷ್ಟು ವ್ಯತ್ಯಾಸ ಏಕೆ? ಇದಕ್ಕೆ ವಿಜ್ಞಾನದ ವಿವರಣೆ ಇದೆಯೇ ಅಥವಾ ಎಲ್ಲರೂ ಹೇಳುವಂತೆ ಹಣೆಬರಹವೇ? ಬಲ್ಲವರು ಬರೆಯಿರಿ.

ಊದುಗೊಳವೆ:

ನಾನು ಸ್ಯಾಕ್ಸೋಫೋನಿನವನು, ಆದರೂ ಗೋಳು ಒಂದೇ. ನನಗೆ ತಿಳಿದ ಮಟ್ಟಿಗೆ ರೀಡ್ ಎಂದರೆ ಟ್ಯೂನಿಂಗ್ ಫೋರ್ಕಿನಂತೆ: ಅದು ಮಿಡಿದ ಶ್ರುತಿಯೇ ಕೊಳವೆಯಲ್ಲಿ ದೊಡ್ಡದಾಗಿ ಕೇಳುತ್ತದೆ. ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿದು, ಬರ್ನೂಲಿ ತತ್ವದಂತೆ ರೀಡ್ ಒಳಕ್ಕೆ ಎಳೆಯಲ್ಪಡುತ್ತದೆ, ಮತ್ತೆ ಚಿಮ್ಮುತ್ತದೆ. ರೀಡ್ ಮೆತ್ತಗಿದ್ದರೆ ಈ ಆಟ ಹದ ತಪ್ಪುತ್ತದೆ. ನೀವು 3½ಕ್ಕೆ ಹೋಗಿಬಿಡಿ. ಚೆನ್ನಾಗಿ ನುಡಿಸುವವರೆಲ್ಲ ಗಟ್ಟಿ ರೀಡನ್ನೇ ಬಳಸುತ್ತಾರೆ.

ಏಳನೇ ರಂಧ್ರ:

ಊದುಗೊಳವೆ ಅವರೇ, ತಪ್ಪು ತಿಳಿಯಬೇಡಿ, ನಿಮ್ಮ ಮೂರು ಮಾತಿನಲ್ಲಿ ಮೂರನ್ನೂ ನಾನು ಒಪ್ಪುವುದಿಲ್ಲ. ಮೊದಲು ಶ್ರುತಿಯದು.

ಟ್ಯೂನಿಂಗ್ ಫೋರ್ಕ್ ತನ್ನ ಸ್ವಂತ ಆವೃತ್ತಿಯಲ್ಲಿ ಮಿಡಿಯುತ್ತದೆ. ಕ್ಲಾರಿನೆಟ್ ರೀಡಿಗೂ ಸ್ವಂತ ಆವೃತ್ತಿ ಇದೆ. ಮೌತ್‌ಪೀಸಿಗೆ ಕಟ್ಟಿದಾಗ ಅದು ಸುಮಾರು 2000ದಿಂದ 3000 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಆದರೆ ಸಾಮಾನ್ಯ ಬಿ ಫ್ಲಾಟ್ ಕ್ಲಾರಿನೆಟ್ಟಿನ ಅತಿ ಕೆಳಗಿನ ಸ್ವರ ಸುಮಾರು 147 ಹರ್ಟ್ಸ್. ರೀಡೇ ಶ್ರುತಿ ಹಿಡಿಯುವುದಾಗಿದ್ದರೆ ವಾದ್ಯದಿಂದ ಕೀರಲು ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ರೀಡ್ ಇಲ್ಲಿ ಬಾಗಿಲು. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಅದಕ್ಕೆ ಹೇಳುವುದು ಕೊಳವೆಯೊಳಗಿನ ಗಾಳಿ.

ಹೇಗೆ ಹೇಳುತ್ತದೆ? ರೀಡ್ ತೆರೆದಾಗ ಒತ್ತಡದ ಒಂದು ಅಲೆ ಒಳಗೆ ಹೊರಡುತ್ತದೆ. ಕೊಳವೆಯ ತೆರೆದ ತುದಿಯನ್ನು ಮುಟ್ಟಿ ತಲೆಕೆಳಗಾಗಿ, ಅಂದರೆ ಒತ್ತಡ ತಗ್ಗಿದ ಅಲೆಯಾಗಿ, ಹಿಂದಿರುಗುತ್ತದೆ. ಒಳಗೆ ಒತ್ತಡ ತಗ್ಗಿದೊಡನೆ ಬಾಯಿಯ ಒತ್ತಡ ರೀಡನ್ನು ತಳ್ಳಿ ಮುಚ್ಚುತ್ತದೆ. ಮುಚ್ಚಿದ ಬಾಗಿಲಿಗೆ ಬಡಿದ ಅಲೆ ಮತ್ತೊಂದು ಸುತ್ತು ಹೋಗಿ, ತೆರೆದ ತುದಿಯಲ್ಲಿ ಮತ್ತೆ ತಲೆಕೆಳಗಾಗಿ, ಈ ಸಲ ಹೆಚ್ಚಿನ ಒತ್ತಡವಾಗಿ ಬಂದು ರೀಡನ್ನು ತೆರೆಯುತ್ತದೆ. ಒಂದು ಕಂಪನಕ್ಕೆ ಕೊಳವೆಯ ಉದ್ದವನ್ನು ನಾಲ್ಕು ಬಾರಿ ದಾಟಿದಂತಾಯಿತು. ಕೊಳವೆಯ ಉದ್ದ 58 ಸೆಂಟಿಮೀಟರ್ ಎಂದಿಟ್ಟುಕೊಂಡು ಅದನ್ನು ನಾಲ್ಕರಿಂದ ಗುಣಿಸಿ, ಶಬ್ದದ ವೇಗವಾದ ಸೆಕೆಂಡಿಗೆ 343 ಮೀಟರನ್ನು ಅದರಿಂದ ಭಾಗಿಸಿ ನೋಡಿ: 148 ಹರ್ಟ್ಸ್ ಸಿಗುತ್ತದೆ. ಲೆಕ್ಕದಲ್ಲಿ ರೀಡಿನ ಹೆಸರೇ ಬರಲಿಲ್ಲ, ಗಮನಿಸಿದಿರಾ?

(ಪೂರ್ತಿ ಬರಲೇ ಇಲ್ಲ ಎಂದರೆ ಸುಳ್ಳು. ರೀಡ್ ಬಾಗುವುದರಿಂದ ಕೊಳವೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾದಂತೆ ವರ್ತಿಸುತ್ತದೆ. ಮೆತ್ತಗಿನ ರೀಡಿನಲ್ಲಿ ಶ್ರುತಿ ಸ್ವಲ್ಪ ಇಳಿಯುವುದು ಈ ಕಾರಣಕ್ಕೆ.)

ಪ್ರಶ್ನಾರ್ಥಕ ಅವರ ಕಿರುಚುವ ರೀಡಿನ ಗುಟ್ಟು ಇಲ್ಲೇ ಇದೆ. ಆ 2000–3000 ಹರ್ಟ್ಸಿನ ಸ್ವಂತ ಕಂಪನವನ್ನು ಸಾಮಾನ್ಯವಾಗಿ ಕೆಳತುಟಿ ಅದುಮಿ ಹಿಡಿದಿರುತ್ತದೆ. ತುಟಿಯ ಹಿಡಿತ ತಪ್ಪಿದರೆ ಅಥವಾ ರೀಡ್ ಮೌತ್‌ಪೀಸಿನ ಮೇಲೆ ಸರಿಯಾಗಿ ಕೂರದೆ ಗಾಳಿ ಸೋರಿದರೆ, ಕೊಳವೆಯ ಮಾತು ಬಿಟ್ಟು ರೀಡ್ ತನ್ನ ಮಾತನ್ನೇ ನಡೆಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ.

ಪ್ರಶ್ನಾರ್ಥಕ:

ಬಹಳ ಚೆನ್ನಾಗಿ ವಿವರಿಸಿದಿರಿ. ಒಂದು ಸಂದೇಹ. ಅಲೆ ಹೋಗಿ ಬರುವಾಗ ಶಕ್ತಿ ಸೋರಿಹೋಗುವುದಿಲ್ಲವೇ? ಅದನ್ನು ತುಂಬಿಕೊಡುವವರು ಯಾರು? ಮತ್ತೆ, ಗಟ್ಟಿ ರೀಡಿನಲ್ಲಿ ಉಸಿರು ಕಟ್ಟುವುದು ಏಕೆ?

ಏಳನೇ ರಂಧ್ರ:

ಎರಡಕ್ಕೂ ಉತ್ತರ ಒಂದೇ.

ಸಾಮಾನ್ಯ ನಲ್ಲಿಯಲ್ಲಿ ಒತ್ತಡ ಹೆಚ್ಚಿದಷ್ಟೂ ನೀರು ಹೆಚ್ಚು ಬರುತ್ತದೆ. ರೀಡ್ ತಿಕ್ಕಲು ನಲ್ಲಿ: ಒತ್ತಡ ಹೆಚ್ಚಿದಷ್ಟೂ ತನ್ನನ್ನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹರಿವು ಮೊದಲು ಏರಿ, ಒಂದು ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ರೀಡನ್ನು ಪೂರ್ತಿ ಮುಚ್ಚಲು ಬೇಕಾದ ಒತ್ತಡವನ್ನು 1 ಎಂದುಕೊಳ್ಳಿ. ತೆರಪು ಒತ್ತಡಕ್ಕೆ ತಕ್ಕಂತೆ ಕಿರಿದಾಗುತ್ತದೆ, ಗಾಳಿಯ ವೇಗ ಒತ್ತಡದ ವರ್ಗಮೂಲದಂತೆ ಏರುತ್ತದೆ. ಇವೆರಡನ್ನು ಗುಣಿಸಿದರೆ ಶಿಖರ ಸರಿಯಾಗಿ ಮೂರನೇ ಒಂದರಲ್ಲಿ ಸಿಗುತ್ತದೆ.

ಶಿಖರದ ಆಚೆಗಿನ ಇಳಿಜಾರಿನಲ್ಲೇ ಸಂಗೀತವಿದೆ. ಅಲ್ಲಿ ಕೊಳವೆಯ ಒಳಗೆ ಒತ್ತಡ ಏರಿದ ಕ್ಷಣದಲ್ಲಿ ಒಳಹರಿವು ಹೆಚ್ಚುತ್ತದೆ, ಒತ್ತಡ ಇಳಿದಾಗ ಕಡಿಮೆಯಾಗುತ್ತದೆ. ಉಯ್ಯಾಲೆ ಮುಂದಕ್ಕೆ ಹೊರಟಾಗಲೇ ಹಿಂದಿನಿಂದ ತಳ್ಳಿದ ಹಾಗೆ. ನೀವು ಕೇಳಿದ 'ತುಂಬಿಕೊಡುವವರು' ಇದೇ. ರೀಡ್ ಮುಚ್ಚಲು 6 ಕಿಲೋಪಾಸ್ಕಲ್ ಬೇಕಾದರೆ ಸುಮಾರು 2ರಲ್ಲಿ ಸ್ವರ ಹುಟ್ಟುತ್ತದೆ. 9 ಬೇಕಾದರೆ 3ರಲ್ಲಿ. ನಷ್ಟಗಳನ್ನು ಸೇರಿಸಿದರೆ ಇನ್ನೂ ತುಸು ಹೆಚ್ಚು. ನಿಮ್ಮ ಉಸಿರು ಕಟ್ಟಿಸಿದ ಮೂರು ರೀಡ್‌ಗಳಿಗೆ ಆ ಹೊಸ್ತಿಲು ಎತ್ತರವಾಗಿದೆ, ಅಷ್ಟೆ.

ಮುಚ್ಚುವ ಒತ್ತಡ ರೀಡಿನ ಬಿಗಿತವೊಂದರಿಂದ ತೀರ್ಮಾನವಾಗುವುದಿಲ್ಲ. ಮೌತ್‌ಪೀಸಿನ ತುದಿಯಲ್ಲಿ ತೆರಪು ಎಷ್ಟಿದೆ ಎಂಬುದೂ ಸೇರುತ್ತದೆ. ಕ್ಲಾರಿನೆಟ್ಟಿನಲ್ಲಿ ಅದು ಸುಮಾರು 1 ಮಿಲಿಮೀಟರ್. ತೆರಪು ಕಿರಿದಾದ ಮೌತ್‌ಪೀಸಿಗೆ ಗಟ್ಟಿ ರೀಡ್, ಅಗಲವಾದದ್ದಕ್ಕೆ ಮೆತ್ತಗಿನದು ಹೊಂದುವುದು ಇದಕ್ಕೇ. '3½ಕ್ಕೆ ಹೋಗಿಬಿಡಿ' ಎನ್ನುವುದು ಕಾಲು ನೋಡದೆ ಚಪ್ಪಲಿಯ ಅಳತೆ ಹೇಳಿದ ಹಾಗೆ.

ಊದುಗೊಳವೆ:

ಚಪ್ಪಲಿಯ ಮಾತು ಒಪ್ಪಿದೆ. ಬರ್ನೂಲಿಯನ್ನು ಬಿಡುವುದಿಲ್ಲ. ನಾನು ಓದಿದ ಎಲ್ಲ ಕಡೆಯೂ ಅದೇ ಇದೆ.

ಏಳನೇ ರಂಧ್ರ:

ಎಲ್ಲ ಕಡೆ ಇದೆ ಎಂಬುದು ನಿಜ. ಲೆಕ್ಕ ಹಾಕೋಣ. ಬಾಯಿಯ ಒತ್ತಡ ವಾತಾವರಣಕ್ಕಿಂತ 3 ಕಿಲೋಪಾಸ್ಕಲ್ ಹೆಚ್ಚು ಎಂದಿಟ್ಟುಕೊಳ್ಳಿ. 30 ಸೆಂಟಿಮೀಟರ್ ನೀರಿನ ಕಂಬದಷ್ಟು. ರೀಡಿಗೂ ಮೌತ್‌ಪೀಸಿಗೂ ನಡುವಿನ ಸೀಳಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಈ ವೇಗವನ್ನು ಲೆಕ್ಕ ಹಾಕಿದ್ದು ಬರ್ನೂಲಿ ಸಮೀಕರಣದಿಂದಲೇ, ಆದ್ದರಿಂದ ಅವರನ್ನು ಮನೆಯಿಂದ ಹೊರಗಟ್ಟುತ್ತಿಲ್ಲ.

ಆದರೆ ಸೀಳನ್ನು ದಾಟಿದ ಆ ಗಾಳಿ ಮೌತ್‌ಪೀಸಿನ ಅಗಲವಾದ ಕೋಣೆಗೆ ಬಿದ್ದು ಸುಳಿಸುಳಿಯಾಗಿ ಚದುರುತ್ತದೆ. ಕಳೆದುಕೊಂಡ ಒತ್ತಡವನ್ನು ಮರಳಿ ಪಡೆಯುವುದಿಲ್ಲ. ಹಾಗಾಗಿ ಸೀಳಿನೊಳಗಿನ ಒತ್ತಡವೂ ಮೌತ್‌ಪೀಸಿನೊಳಗಿನ ಒತ್ತಡವೂ ಹೆಚ್ಚುಕಡಿಮೆ ಒಂದೇ. ರೀಡನ್ನು ಮುಚ್ಚುವುದು ಹೊರಗೆ ಹೆಚ್ಚು, ಒಳಗೆ ಕಡಿಮೆ ಎಂಬ ಸರಳ ವ್ಯತ್ಯಾಸ. ಮಿಡಿಯುವ ಭಾಗ 13 ಮಿಲಿಮೀಟರ್ ಅಗಲ, 15 ಉದ್ದ ಎಂದರೆ 3 ಕಿಲೋಪಾಸ್ಕಲ್ ವ್ಯತ್ಯಾಸಕ್ಕೆ 60 ಗ್ರಾಂ ತೂಕ ಹೇರಿದಷ್ಟು ಬಲ. ತುದಿಯಲ್ಲಿ 0.1 ಮಿಲಿಮೀಟರ್ ದಪ್ಪವಿರುವ ಪಟ್ಟಿಗೆ ಅದು ಸಾಕು. ಹೆಚ್ಚುವರಿಯಾಗಿ 'ಎಳೆಯುವ' ಯಾವ ಬಲವೂ ಬೇಕಾಗಿಲ್ಲ.

ಒಳಮುಖವಾಗಿ ಮುಚ್ಚುವ ರೀಡ್, ಹೊರಮುಖವಾಗಿ ತೆರೆಯುವ ಟ್ರಂಪೆಟ್ ತುಟಿ ಎಂಬ ಭೇದವನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಗುರುತಿಸಿದ್ದರು. ಕ್ಲಾರಿನೆಟ್ ಹೇಗೆ ಸ್ವರ ಹಿಡಿಯುತ್ತದೆ ಎಂಬುದರ ಗಣಿತವನ್ನು 1960ರ ದಶಕದಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ಜಾನ್ ಬ್ಯಾಕಸ್ ಅಳತೆಗಳೊಂದಿಗೆ ಕಟ್ಟಿಕೊಟ್ಟರು.

ದಾರಿಹೋಕ:

ನಡುವೆ ಬಾಯಿ ಹಾಕುತ್ತಿದ್ದೇನೆ. ಹಾರ್ಮೋನಿಯಂನಲ್ಲೂ ರೀಡ್ ಇದೆಯಲ್ಲ, ಅಲ್ಲಿ ಕೊಳವೆ ಎಲ್ಲಿದೆ?

ಏಳನೇ ರಂಧ್ರ:

ಹೆಸರು ಒಂದೇ, ಜಾತಿ ಬೇರೆ. ಅದು ಲೋಹದ ನಾಲಗೆ. ಚೌಕಟ್ಟಿಗೆ ಬಡಿಯದೆ ಸೀಳಿನೊಳಗೆ ಓಡಾಡುತ್ತದೆ, ಶ್ರುತಿಯನ್ನು ತಾನೇ ಹಿಡಿಯುತ್ತದೆ. ಅದಕ್ಕೇ ಪ್ರತಿ ಸ್ವರಕ್ಕೂ ಬೇರೆ ಬೇರೆ ರೀಡ್ ಬೇಕು. ಊದುಗೊಳವೆ ಅವರ ಟ್ಯೂನಿಂಗ್ ಫೋರ್ಕ್ ಹೋಲಿಕೆ ಅಲ್ಲಿಗಾದರೆ ಒಪ್ಪುತ್ತದೆ.

ನಾರುಬೇರು:

ಸಸ್ಯಶಾಸ್ತ್ರದವಳು. ಊದಲು ಬರುವುದಿಲ್ಲ. ಮೂಲ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲ ಎಂದು ಬರೆಯುತ್ತಿದ್ದೇನೆ. ಭೌತಶಾಸ್ತ್ರಕ್ಕೆ ರೀಡ್ ಒಂದು ಸ್ಪ್ರಿಂಗ್. ಆ ಸ್ಪ್ರಿಂಗ್ ಒಂದು ಕಾಲದಲ್ಲಿ ಹುಲ್ಲಾಗಿತ್ತು ಎಂಬುದನ್ನು ಮರೆಯಬೇಡಿ.

ಅದರ ಹೆಸರು ಅರುಂಡೋ ಡೋನಾಕ್ಸ್. ಬಿದಿರಿನಂತೆ ಕಾಣುತ್ತದೆ, ಬಿದಿರಲ್ಲ, ಆದರೆ ಇಬ್ಬರದೂ ಹುಲ್ಲಿನ ಕುಟುಂಬವೇ. ವಾದ್ಯಕ್ಕೆ ಹೆಸರಾದದ್ದು ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ ಬೆಳೆ. ಎರಡು ವರ್ಷ ಬೆಳೆದ ಕಾಂಡಗಳನ್ನು ಚಳಿಗಾಲದಲ್ಲಿ ಕಡಿದು, ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ಹೊಂಬಣ್ಣಕ್ಕೆ ತಂದು, ಮತ್ತೆ ಬಹುಕಾಲ ಒಣಗಿಸುತ್ತಾರೆ. ಕ್ಲಾರಿನೆಟ್ಟಿಗೆ ಸುಮಾರು 25 ಮಿಲಿಮೀಟರ್ ವ್ಯಾಸದ ಕಾಂಡ ಬೇಕು. ಓಬೋ ಎಂಬ ಜೋಡಿ ರೀಡಿನ ವಾದ್ಯಕ್ಕೆ 10–11 ಸಾಕು.

ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಮೆತ್ತನೆಯ ಪೇರಂಕೈಮಾ ಕೋಶಗಳ ನಡುವೆ ನಾಳಕೂರ್ಚಗಳು, ಅಂದರೆ ನೀರು ಆಹಾರ ಸಾಗಿಸುವ ನಾಳಗಳ ಕಟ್ಟುಗಳು, ಚದುರಿಕೊಂಡಿರುತ್ತವೆ. ಪ್ರತಿಯೊಂದರ ಸುತ್ತ ಗಟ್ಟಿ ನಾರಿನ ಉಂಗುರ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳಂತೆ ಇವು ಬುಡದಿಂದ ತುದಿಯವರೆಗೆ ಓಡುತ್ತವೆ. ಆದ್ದರಿಂದಲೇ ರೀಡ್ ಉದ್ದಕ್ಕೆ ಬಿಗಿ, ಅಡ್ಡಕ್ಕೆ ಬಲಹೀನ. ಉಗುರು ತಗುಲಿದರೆ ಉದ್ದಕ್ಕೆ ಸೀಳುವುದೂ ಅದಕ್ಕೇ.

1998ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ಸಂಶೋಧಕರು ಒಂದು ಚೊಕ್ಕ ಕೆಲಸ ಮಾಡಿದರು. ಕ್ಲಾರಿನೆಟ್ ವಾದಕರಿಂದ ರೀಡ್‌ಗಳ ನಾದದ ಗುಣವನ್ನು ಅಳೆಯಿಸಿ, ನಂತರ ಅವುಗಳ ಅಂಗರಚನೆಯನ್ನು ನೋಡಿದರು. ಒಳ್ಳೆಯವೆಂದು ಗುರುತಿಸಿದ ರೀಡ್‌ಗಳಲ್ಲಿ ನಾರಿನ ಉಂಗುರ ಎಲ್ಲೂ ತುಂಡಾಗದೆ ಪೂರ್ತಿ ಸುತ್ತಿಕೊಂಡ ಕೂರ್ಚಗಳ ಪಾಲು ಹೆಚ್ಚಿತ್ತು. ಉಂಗುರ ಮುರಿದಿದ್ದ ಕಡೆ ನಾದವೂ ಹಿಂದೆ ಬಿದ್ದಿತ್ತು.

ಈಗ ನಿಮ್ಮ ಪೆಟ್ಟಿಗೆಗೆ ಬನ್ನಿ. ಯಂತ್ರ ಹತ್ತನ್ನೂ ಒಂದೇ ಆಕಾರಕ್ಕೆ ಕೊರೆದಿದೆ. ಆದರೆ ಒಂದೇ ಕಾಂಡದ ಎರಡು ಮಗ್ಗುಲುಗಳೇ ಒಂದೇ ಸಮ ಇರುವುದಿಲ್ಲ. ಹತ್ತು ಬೇರೆ ಬೇರೆ ಸರಳುಗಳ ವಿನ್ಯಾಸಕ್ಕೆ ಒಂದೇ ಅಂಗಿ ಹೊಲಿದಂತಾಯಿತು.

ಪ್ರಶ್ನಾರ್ಥಕ:

ಹಾಗಾದರೆ 2½ ಎಂಬುದು ಯಾವುದರ ಅಳತೆ?

ಹಳೆಯ ಚಾಕು:

ಅದಕ್ಕೆ ನಾನು ಹೇಳಬಲ್ಲೆ. ಓಬೋ ನುಡಿಸುವವನು, ರೀಡ್‌ಗಳನ್ನು ನಾನೇ ಕೆತ್ತುತ್ತೇನೆ. ಕ್ಲಾರಿನೆಟ್ಟನ್ನೂ ಕೆಲವು ವರ್ಷ ಊದಿದ್ದೇನೆ.

ಕೊರೆದು ಮುಗಿದ ಮೇಲೆ ತುದಿಯ ಬಳಿ ಸಣ್ಣ ಬಲ ಹಾಕಿ, ಎಷ್ಟು ಬಾಗಿತು ಎಂದು ಯಂತ್ರ ನೋಡುತ್ತದೆ. ಅದಕ್ಕೆ ತಕ್ಕಂತೆ 2, 2½, 3 ಎಂದು ಬೇರೆ ಬೇರೆ ಡಬ್ಬಿಗೆ ಬೀಳುತ್ತವೆ. ಒಂದು ಜಾಗದಲ್ಲಿ, ಒಣಗಿದ ಸ್ಥಿತಿಯಲ್ಲಿ, ಒಂದು ಅಳತೆ. ಎಡ ಅಂಚು, ಬಲ ಅಂಚು ಸಮವೇ? ನಡುವಿನ ಬೆನ್ನು ಎಷ್ಟು ಬಿಗಿ? ನೀರು ಕುಡಿದ ಮೇಲೆ ಏನಾಗುತ್ತದೆ? ಇವು ಯಾವುದೂ ಆ ಅಂಕಿಯಲ್ಲಿಲ್ಲ. ಒಂದು ತಯಾರಕರ 3 ಇನ್ನೊಬ್ಬರ 2½ ಆಗಿರಬಹುದು.

ಇನ್ನು ದಪ್ಪದ ಮಾತು. ಪಟ್ಟಿಯ ಬಿಗಿತ ದಪ್ಪದ ಘನಕ್ಕೆ ಅನುಗುಣ. ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು ಕೆರೆದರೆ ಬಿಗಿತ ಶೇ 27ರಷ್ಟು ಹೋಗುತ್ತದೆ. ತುದಿಯಲ್ಲಿ ಹತ್ತರಲ್ಲಿ ಒಂದು ಪಾಲು ಎಂದರೆ 0.01 ಮಿಲಿಮೀಟರ್, ಕೂದಲಿಗಿಂತಲೂ ಎಷ್ಟೋ ತೆಳು. ಚಾಕು ಹಿಡಿದವರ ಕೈ ಏಕೆ ನಡುಗುತ್ತದೆ ಎಂದು ಈಗ ತಿಳಿಯಿತೇ?

ನಿಮ್ಮ ಹತ್ತಕ್ಕೂ ಹೀಗೆ ಮಾಡಿ ನೋಡಿ. ಒದ್ದೆ ಮಾಡಿ ಕಟ್ಟಿ, ಮೌತ್‌ಪೀಸನ್ನು ಬಾಯಲ್ಲಿ ಸ್ವಲ್ಪ ಎಡಕ್ಕೆ ಹೊರಳಿಸಿ ಊದಿ, ಆಮೇಲೆ ಬಲಕ್ಕೆ. ತುಟಿ ಒಂದು ಬದಿಯನ್ನು ಅದುಮಿದಾಗ ಇನ್ನೊಂದು ಬದಿ ಮಾತ್ರ ಮಿಡಿಯುತ್ತದೆ. ಎರಡೂ ಕಡೆ ಒಂದೇ ಸಮ ಬಂದರೆ ಸರಿ. ಒಂದು ಕಡೆ ಬಿಗಿ ಎನಿಸಿದರೆ ಆ ಕಡೆಯ ಅಂಚಿನಲ್ಲಿ ಅತಿ ನಯವಾದ ಮರಳು ಕಾಗದದಿಂದ ಎರಡೇ ಎರಡು ಬಾರಿ ಸವರಿ. ಮೂರನೆಯದಕ್ಕೆ ಕೈ ಹೋದರೆ ಕಾಗದವನ್ನು ಪಕ್ಕದ ಕೋಣೆಯಲ್ಲಿಟ್ಟು ಬನ್ನಿ.

ಕಿರುಚುವವಳನ್ನು ಗಾಜಿನ ಮೇಲೆ ಸಪಾಟು ಮುಖ ಕೆಳಗಾಗಿ ಮಲಗಿಸಿ. ಅಲುಗಾಡಿದರೆ ಆ ಮುಖ ಬಾಗಿದೆ, ಗಾಳಿ ಸೋರುತ್ತಿದೆ ಎಂದರ್ಥ.

ಊದುಗೊಳವೆ:

ಈ ಗೋಜೆಲ್ಲ ಬೇಡವೆಂದು ನಾನು ಎರಡು ವರ್ಷದ ಹಿಂದೆ ಪ್ಲಾಸ್ಟಿಕ್ ರೀಡಿಗೆ ಹೋದೆ. ಒದ್ದೆ ಮಾಡುವ ಕೆಲಸವಿಲ್ಲ, ನಿನ್ನೆ ಇದ್ದಂತೆ ಇಂದೂ ಇರುತ್ತದೆ. ಆದರೂ ನಾದದಲ್ಲಿ ಏನೋ ಒಂದು ಕೊರತೆ. ಅದು ನನ್ನ ಭ್ರಮೆಯೇ?

ನಾರುಬೇರು:

ಪೂರ್ತಿ ಭ್ರಮೆ ಎನ್ನಲಾರೆ. ಸಾಧಾರಣ ಪ್ಲಾಸ್ಟಿಕ್ ಎಲ್ಲ ದಿಕ್ಕಿಗೂ ಒಂದೇ ಬಿಗಿತದ್ದು. ಹುಲ್ಲಿನದು ಹಾಗಲ್ಲ, ಮೇಲೆ ಹೇಳಿದೆ. ಈ ಕೊರತೆಯನ್ನು ತುಂಬಲೆಂದೇ ಪಾಲಿಪ್ರೊಪಿಲೀನನ್ನು ಒಂದು ದಿಕ್ಕಿಗೆ ಹಿಗ್ಗಿಸಿ, ಅದರ ಅಣುಸರಪಣಿಗಳು ಉದ್ದಕ್ಕೆ ಸಾಲುಗೂಡುವಂತೆ ಮಾಡುತ್ತಾರೆ. ಕೆನಡಾದ ಲೆಜೇರ್ ಕಂಪನಿ 1990ರ ದಶಕದ ಕೊನೆಯಲ್ಲಿ ಹಿಡಿದ ದಾರಿ ಇದು. ಒಣಗಿದ ಕಾಂಡಕ್ಕಲ್ಲ, ಒದ್ದೆಯಾದ ಕಾಂಡಕ್ಕೆ ಹತ್ತಿರವಾದ ಬಿಗಿತ ಅವರ ಗುರಿ. ಊದುವಾಗ ಇರುವುದು ಅದೇ ತಾನೆ.

ಎರಡನೆಯದು ಒಳಘರ್ಷಣೆ. ಮಿಡಿಯುವಾಗ ರೀಡ್ ತಾನೇ ಸ್ವಲ್ಪ ಶಕ್ತಿಯನ್ನು ನುಂಗುತ್ತದೆ, ಮುಖ್ಯವಾಗಿ ಎತ್ತರದ ಆವೃತ್ತಿಗಳಲ್ಲಿ. ಅರುಂಡೋದಲ್ಲಿ ನೀರಿಗೆ ಕರಗುವ ಸಕ್ಕರೆಗಳು ಸಾಕಷ್ಟಿವೆ, ಅವು ಈ ನುಂಗುವಿಕೆಯನ್ನು ಹೆಚ್ಚಿಸುತ್ತವೆ. ಜಪಾನಿನ ಸಂಶೋಧಕರು 1990ರ ದಶಕದ ಕೊನೆಗೆ ಇದನ್ನು ಅಳೆದು ತೋರಿಸಿದರು. ಪ್ರತಿ ಸಲ ಒದ್ದೆ ಮಾಡಿದಾಗಲೂ ಆ ಸಕ್ಕರೆ ಒಂದಿಷ್ಟು ತೊಳೆದುಹೋಗುತ್ತದೆ. ಹೊಸ ರೀಡ್ ಕೆಲವು ದಿನಗಳಲ್ಲಿ ಬದಲಾಗುವುದಕ್ಕೆ, ಹಳೆಯದು ಮಂಕಾಗುವುದಕ್ಕೆ ಇದೂ ಒಂದು ಕಾರಣ.

ಹಳೆಯ ಚಾಕು:

ಸಕ್ಕರೆಯ ವಿಷಯ ನನಗೆ ಗೊತ್ತಿರಲಿಲ್ಲ! ಹೊಸ ರೀಡನ್ನು ಮೊದಲ ದಿನ ಐದು ನಿಮಿಷ, ಮರುದಿನ ಹತ್ತು ನಿಮಿಷ ಎಂದು ಪಳಗಿಸುವುದನ್ನು ಗುರುಗಳು ಹೇಳಿದಂತೆ ಮಾಡುತ್ತಾ ಬಂದಿದ್ದೆ. ಏಕೆ ಎಂದು ಕೇಳಿದ್ದರೆ ಬೈಸಿಕೊಳ್ಳುತ್ತಿದ್ದೆ.

ಜೋಡಿ ರೀಡಿನವರ ಕಥೆಯನ್ನೂ ಒಂದಿಷ್ಟು ಕೇಳಿ. ಓಬೋ, ಬಸೂನ್, ಶಹನಾಯಿ, ನಾಗಸ್ವರ, ಎಲ್ಲವೂ ಎರಡು ಪಟ್ಟಿ ಎದುರುಬದುರಾಗಿ ಬಡಿಯುವ ಜಾತಿ. ಇಲ್ಲಿ ಮೌತ್‌ಪೀಸ್ ಎಂಬುದಿಲ್ಲ, ರೀಡೇ ಎಲ್ಲ. ಓಬೋದ ತೆರಪು ಎಷ್ಟು ಕಿರಿದೆಂದರೆ ಒತ್ತಡ ಬಹಳ ಬೇಕು, ಗಾಳಿ ಮಾತ್ರ ಚೂರೇ ಹೋಗುತ್ತದೆ. ಜನ ನಮಗೆ ಉಸಿರು ಸಾಲುವುದಿಲ್ಲ ಎಂದುಕೊಳ್ಳುತ್ತಾರೆ. ನಮ್ಮ ಕಷ್ಟ ಬೇರೆ: ಬಳಸಿ ಹಳಸಿದ ಉಸಿರು ಎದೆಯಲ್ಲೇ ಉಳಿದಿರುತ್ತದೆ. ಹೊಸದನ್ನು ಎಳೆದುಕೊಳ್ಳುವ ಮೊದಲು ಅದನ್ನು ಹೊರಹಾಕಬೇಕು. ಪರೀಕ್ಷೆಗೆ ರೀಡನ್ನಷ್ಟೇ ಬಾಯಲ್ಲಿಟ್ಟು ಊದಿದರೆ ಕಾಗೆಯಂತೆ ಕಾ ಎನ್ನುತ್ತದೆ. ಆ ಕಾಗೆ ಯಾವ ಸ್ವರದಲ್ಲಿ ಕೂಗುತ್ತದೆ ಎಂಬುದರ ಮೇಲೆ ಮುಂದಿನ ಕೆತ್ತನೆ.

ಏಳನೇ ರಂಧ್ರ:

ಕೊಳವೆ, ರೀಡ್ ಎರಡರ ಬಗ್ಗೆಯೇ ಬರೆದೆ, ಮೂರನೆಯದೊಂದು ಬಿಟ್ಟುಹೋಗಿದೆ. ರೀಡಿನ ಈಚೆ ಬದಿಯಲ್ಲೂ ಒಂದು ಕೊಳವೆ ಇದೆ: ನಿಮ್ಮ ಬಾಯಿ ಮತ್ತು ಗಂಟಲು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ನುಡಿಸುತ್ತಿರುವಾಗಲೇ ಸ್ಯಾಕ್ಸೋಫೋನ್ ವಾದಕರ ಬಾಯೊಳಗಿನ ಅನುರಣನವನ್ನು ಅಳೆದು 2008ರಲ್ಲಿ ಪ್ರಕಟಿಸಿದರು. ವಾದ್ಯದ ಸಾಮಾನ್ಯ ವ್ಯಾಪ್ತಿಯನ್ನು ಮೀರಿದ ಅತಿ ಎತ್ತರದ ಸ್ವರಗಳಲ್ಲಿ ನುರಿತವರು ತಮ್ಮ ಗಂಟಲನ್ನು ಆ ಸ್ವರದ ಹತ್ತಿರಕ್ಕೆ ಶ್ರುತಿ ಮಾಡಿಕೊಳ್ಳುತ್ತಿದ್ದರು. ಅದು ಬಾರದವರಿಗೆ ಆ ಸ್ವರಗಳೂ ಬರಲಿಲ್ಲ. ಊದುಗೊಳವೆ ಅವರೇ, ರೀಡನ್ನು ಬೈಯುವ ಮೊದಲು ಗಂಟಲನ್ನೂ ಒಮ್ಮೆ ವಿಚಾರಿಸಿಕೊಳ್ಳಿ.

ಊದುಗೊಳವೆ:

ಬರ್ನೂಲಿ ಹೋಯಿತು, ಟ್ಯೂನಿಂಗ್ ಫೋರ್ಕ್ ಹೋಯಿತು, ಈಗ ಗಂಟಲಿಗೂ ಬಂದಿರಿ. ಇರಲಿ, ನಾಳೆ ನೋಡುತ್ತೇನೆ.

ಪ್ರಶ್ನಾರ್ಥಕ:

ಒಂದು ವಾರದ ವರದಿ. ಕಿರುಚುವ ರೀಡ್ ಗಾಜಿನ ಮೇಲೆ ತೊಟ್ಟಿಲಿನಂತೆ ತೂಗಿತು. ಮರಳು ಕಾಗದದ ಮೇಲೆ ಸಪಾಟು ಮಾಡಿದೆ. ಈಗ ಕಿರುಚುವುದಿಲ್ಲ, ಹಾಗೆಂದು ಹಾಡುವುದೂ ಇಲ್ಲ. ಉಸಿರು ಕಟ್ಟಿಸುತ್ತಿದ್ದ ಮೂರರಲ್ಲಿ ಎರಡಕ್ಕೆ ಬಲ ಅಂಚು ಬಿಗಿ. ಒಂದಕ್ಕೆ ಎರಡು ಬಾರಿ ಸವರಿದೆ, ಈಗ ಅದೇ ನನ್ನ ಮೆಚ್ಚಿನದು. ಇನ್ನೊಂದಕ್ಕೆ ಐದು ಬಾರಿ ಸವರಿದೆ. ಹಳೆಯ ಚಾಕು ಅವರೇ, ಕಾಗದವನ್ನು ಪಕ್ಕದ ಕೋಣೆಯಲ್ಲಿ ಇಡಬೇಕಿತ್ತು. ಗಾಳಿಯ ಸದ್ದಿನ ನಾಲ್ಕನ್ನು ಇನ್ನೂ ಮುಟ್ಟಿಲ್ಲ.

ನಾರುಬೇರು ಅವರಿಗೊಂದು ಪ್ರಶ್ನೆ. ಭೂತಗನ್ನಡಿಯಲ್ಲಿ ಹತ್ತರ ಬುಡವನ್ನೂ ನೋಡಿದೆ. ಚುಕ್ಕೆಗಳು ಚೆನ್ನಾಗಿ ಕಂಡವು. ಎಲ್ಲಕ್ಕಿಂತ ಅಂದವಾಗಿ, ಒತ್ತೊತ್ತಾಗಿ ಕಂಡದ್ದೇ ಎಲ್ಲಕ್ಕಿಂತ ಕೆಟ್ಟದಾಗಿ ನುಡಿಯುತ್ತದೆ. ಹಾಗಾದರೆ ಅಡಿಲೇಡಿನ ಮಾತು?

ನಾರುಬೇರು:

ನೀವು ನೋಡಿದ್ದು ತಪ್ಪು ತುದಿಯನ್ನು. ಬುಡದಲ್ಲಿ ರೀಡ್ ಸುಮಾರು 3 ಮಿಲಿಮೀಟರ್ ದಪ್ಪ. ತೊಗಟೆಯ ಕಡೆಯಿಂದ ಇಳಿಜಾರಾಗಿ ಕೊರೆದು ತುದಿ ಮಾಡುವುದರಿಂದ, ಅಷ್ಟು ದಪ್ಪದಲ್ಲಿ ತುದಿಯವರೆಗೆ ತಲುಪುವುದು ಸಪಾಟು ಮುಖಕ್ಕೆ ಅಂಟಿಕೊಂಡ 0.1 ಮಿಲಿಮೀಟರ್ ಪದರ ಮಾತ್ರ. ತೊಗಟೆಯ ಬಳಿ ಒತ್ತೊತ್ತಾಗಿ ಕಾಣುವ ಚುಕ್ಕೆಗಳು ತುದಿಗೆ ಬರುವುದೇ ಇಲ್ಲ. ಅಲ್ಲದೆ ನಾರಿನ ಉಂಗುರ ಮುರಿದಿದೆಯೋ ಇಲ್ಲವೋ ಎಂಬುದು ಭೂತಗನ್ನಡಿಗೆ ನಿಲುಕುವುದಿಲ್ಲ. ತುದಿಯನ್ನು ಅಡ್ಡಲಾಗಿ ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕತ್ತರಿಸಿದ ಮೇಲೆ ಆ ರೀಡನ್ನು ನುಡಿಸಲು ಆಗುವುದಿಲ್ಲ ಎಂಬುದೊಂದೇ ತೊಂದರೆ.

ಪ್ರಶ್ನಾರ್ಥಕ:

ಐದು ಬಾರಿ ಸವರಿದ್ದು ಹೇಗೂ ಇದೆಯಲ್ಲ. ಹೊಸ ಬ್ಲೇಡ್ ಹುಡುಕುತ್ತಿದ್ದೇನೆ.